ಥಿನ್ನರ್, ಆಸಿಡ್, ಬ್ಲೀಚಿಂಗ್ ಪೌಡರ್: ಡಬ್ಬಿಯೊಳಗಿನ ಅಪಾಯ ತಿಳಿಯೋದು ಹೇಗೆ?

ಪೇಂಟ್ ಅಂಗಡಿಯಲ್ಲಿ ಥಿನ್ನರ್, ಬ್ಯಾಟರಿ ಅಂಗಡಿಯಲ್ಲಿ ಆಸಿಡ್, ಕಿರಾಣಿ ಅಂಗಡಿಯಲ್ಲಿ ಬ್ಲೀಚಿಂಗ್ ಪೌಡರ್, ಗೊಬ್ಬರದ ಅಂಗಡಿಯಲ್ಲಿ ಕೀಟನಾಶಕ. ಇವುಗಳಲ್ಲಿ ಒಂದನ್ನಾದರೂ ಮುಟ್ಟದ ಅಂಗಡಿ ಪೇಟೆಯಲ್ಲಿ ಕಡಿಮೆ. ಆದರೆ ಕಣ್ಣಿಗೆ ಸಿಡಿದರೆ ಏನು ಮಾಡಬೇಕು, ಯಾವುದರ ಪಕ್ಕ ಯಾವುದನ್ನು ಇಡಬಾರದು ಅಂತ ಕೇಳಿದರೆ ಕೆಲಸದ ಹುಡುಗರಿರಲಿ, ಎಷ್ಟೋ ಮಾಲೀಕರಿಗೂ ಗೊತ್ತಿರಲ್ಲ. ಇದಕ್ಕೆಲ್ಲ ಉತ್ತರ ಬರೆದಿಟ್ಟಿರುವ ಕಡೆಗಳಿವೆ. ದುಡ್ಡೂ ಕೊಡಬೇಕಿಲ್ಲ.

ಸೇಫ್ಟಿ ಡೇಟಾ ಶೀಟ್

ರಾಸಾಯನಿಕದ ಪೂರ್ತಿ ಜಾತಕ ಇದು. ಒಟ್ಟು 16 ಭಾಗ ಇರುತ್ತೆ. ಅಂಗಡಿಯವರು ಈ ಐದು ನೋಡಿಕೊಂಡರೂ ಸಾಕು:

- ಭಾಗ 2: ಏನು ಅಪಾಯ
- ಭಾಗ 4: ಪ್ರಥಮ ಚಿಕಿತ್ಸೆ
- ಭಾಗ 7: ಇಡುವ, ಬಳಸುವ ರೀತಿ
- ಭಾಗ 8: ಗ್ಲೌಸ್, ಮಾಸ್ಕ್, ಕನ್ನಡಕ
- ಭಾಗ 10: ಯಾವುದರ ಜೊತೆ ಸೇರಿಸಬಾರದು

1989ರ ಕೇಂದ್ರ ನಿಯಮದ ಪ್ರಕಾರ ಅಪಾಯಕಾರಿ ರಾಸಾಯನಿಕಗಳಿಗೆ ಈ ಶೀಟ್ ಇರಲೇಬೇಕು. ಡೀಲರ್ ಹತ್ತಿರ ಕೇಳಿ, ಇಲ್ಲವೇ ಕಂಪನಿಯ ವೆಬ್‌ಸೈಟ್ ನೋಡಿ.

ಭಾಗ 10 ಯಾಕೆ ಮುಖ್ಯ ಅಂದರೆ, ಬ್ಲೀಚಿಂಗ್ ಪೌಡರ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಬಾಗಿಲು ಹಾಕಿದ ಬಚ್ಚಲಲ್ಲಿ ಇದು ಜೀವಕ್ಕೇ ಅಪಾಯ. ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಡಬೇಡಿ.

ಪಾಕೆಟ್ ಗೈಡ್

ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್, 1978ರಲ್ಲಿ ಮೊದಲು ಹೊರತಂದ ಕೈಪಿಡಿ. 600ಕ್ಕೂ ಹೆಚ್ಚು ರಾಸಾಯನಿಕಗಳ ವಿವರ ಇದೆ. ಇಂಗ್ಲಿಷಿನಲ್ಲಿದೆ, ಇಂಟರ್‌ನೆಟ್‌ನಲ್ಲಿ ಉಚಿತ. ಉಸಿರಾಡುವ ಗಾಳಿಯಲ್ಲಿ ಎಷ್ಟಿದ್ದರೆ ಅಪಾಯ ಅಂತ ಲೆಕ್ಕ ಕೊಡುತ್ತೆ. ಕ್ಲೋರಿನ್ ಆದರೆ 10 ಲಕ್ಷ ಭಾಗ ಗಾಳಿಯಲ್ಲಿ ಬರೀ 10 ಭಾಗ ಇದ್ದರೂ ತಕ್ಷಣ ಪ್ರಾಣಾಪಾಯ ಅನ್ನುತ್ತೆ ಈ ಕೈಪಿಡಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ತಂದಿರುವ ರಾಸಾಯನಿಕ ಸುರಕ್ಷತಾ ಕಾರ್ಡ್‌ಗಳೂ ಉಚಿತವಾಗಿ ಸಿಗುತ್ತವೆ. ಭಾಷೆ ಇನ್ನೂ ಸರಳ.

ಹುಡುಕೋದು ಹೇಗೆ?

ಬ್ರಾಂಡ್ ಹೆಸರು ಹಾಕಿದರೆ ಸಿಗದೇ ಇರಬಹುದು. ಶೀಟ್‌ನ ಭಾಗ 3ರಲ್ಲಿ ಸಿಎಎಸ್ ನಂಬರ್ ಇರುತ್ತೆ. ಕಂಪನಿ ಬದಲಾದರೂ ರಾಸಾಯನಿಕದ ಈ ನಂಬರ್ ಬದಲಾಗಲ್ಲ. ಹಲವು ಥಿನ್ನರ್‌ಗಳಲ್ಲಿರುವ ಟಾಲ್ಯೂಯಿನ್‌ದು 108-88-3. ಅದನ್ನೇ ಹಾಕಿ ಹುಡುಕಿ.

ಕೀಟನಾಶಕದ ಬಣ್ಣ

ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಇದ್ದರೆ ವಿಷವೇ ಅಲ್ಲ ಅಂತಲ್ಲ, ಕಡಿಮೆ ಅಷ್ಟೇ. ಒಳಗಿನ ಚೀಟಿ ಎಸೆಯಬೇಡಿ, ವಿಷ ಏರಿದರೆ ಏನು ಮಾಡಬೇಕು ಅನ್ನೋದು ಅದರಲ್ಲೇ ಇರುತ್ತೆ.

ನೆನಪಿರಲಿ

- ಥಿನ್ನರ್, ಆಸಿಡ್‌ಗಳನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದು ಮಾರಬೇಡಿ. ಬಾಟಲಿ ಬದಲಾದರೆ ಲೇಬಲ್ ಹೋಯ್ತು, ಮಕ್ಕಳು ನೀರು ಅಂತ ಕುಡಿದುಬಿಡಬಹುದು.
- ಶೀಟ್‌ನ ಭಾಗ 4ನ್ನು ಪ್ರಿಂಟ್ ತೆಗೆಸಿ, ಕೆಲಸದವರಿಗೆ ಕನ್ನಡದಲ್ಲಿ ಹೇಳಿಕೊಟ್ಟು, ಗೋಡೆಗೆ ಅಂಟಿಸಿ.
- ಅವಘಡ ಆದರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿ ಅಥವಾ ಲೇಬಲ್‌ನ ಫೋಟೋ ಜೊತೆಗಿರಲಿ. ಒಳಗೆ ಹೋಗಿದ್ದು ಏನು ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಶುರು ಮಾಡಲು ತಡವಾಗಲ್ಲ.