ಲೆಕ್ಕಪತ್ರದ ಅಂಕಿಗೆ ಆಯಾಮ ಒದಗಿದ ಬಗೆ

ಅಚ್ಚಾದ ಲೆಕ್ಕಪತ್ರದಲ್ಲಿ ಕಾಣುವ ಅಂಕಿಯು ತಾನಾಗಿ ಏನನ್ನೂ ಹೇಳಲಾರದು. ಎಡಬದಿಯ ಬಾಬಿನ ಹೆಸರು, ಮೇಲಿನ ಅಂಕಣದ ಶಿರೋನಾಮೆ, ಈ ಎರಡೂ ಕೂಡುವೆಡೆಯಲ್ಲಿ ನಿಂತಾಗಲೇ ಅದಕ್ಕೆ ಅರ್ಥವುಂಟು. ಹಳೆಯ ದಫ್ತರಗಳನ್ನು ಬಿಚ್ಚಿ ನೋಡಿದವರಿಗೆ ಇದು ಅನುಭವಸಿದ್ಧವಾದ ಸಂಗತಿ. ಹಾಳೆಯ ನೆತ್ತಿ ಗೆದ್ದಲಿಗೆ ತುತ್ತಾಗಿ ಅಂಕಿಗಳ ಸಾಲು ಮಾತ್ರ ಉಳಿದಿದ್ದರೆ, ಆ ಹಾಳೆ ಇದ್ದೂ ಇಲ್ಲದಂತೆಯೇ. ಇಂದು ಕಂಪನಿಗಳ ವಾರ್ಷಿಕ ಲೆಕ್ಕಗಳು ಗಣಕಯಂತ್ರವು ಓದತಕ್ಕ ರೂಪದಲ್ಲಿ ಸಲ್ಲುತ್ತಿವೆ. ಅಂಕಣದ ಶಿರೋನಾಮೆಯನ್ನು ಪ್ರತಿಯೊಂದು ಅಂಕಿಯ ಕೊರಳಿಗೂ ಕಟ್ಟಿಕೊಡುವ ಏರ್ಪಾಡನ್ನು ಆ ವ್ಯವಸ್ಥೆಯಲ್ಲಿ ಆಯಾಮವೆಂದು ಕರೆಯುತ್ತಾರೆ. ಇದರ ಚರಿತ್ರೆಯು ದೀರ್ಘವಾದುದಲ್ಲ. ಆದರೂ ನಮ್ಮ ಕಾಲದ ಆರ್ಥಿಕ ಇತಿಹಾಸವನ್ನು ಮುಂದೆ ಬರೆಯತಕ್ಕವರ ಕಣ್ಣಿಗೆ ಏನು ಬೀಳುವುದು, ಏನು ಮರೆಯಾಗುವುದು ಎಂಬುದು ಇದನ್ನು ಬಹುಮಟ್ಟಿಗೆ ಅವಲಂಬಿಸಿದೆ.

1998ರಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಟಕೋಮಾ ನಗರದ ಲೆಕ್ಕಪರಿಶೋಧಕ ಚಾರ್ಲ್ಸ್ ಹಾಫ್‌ಮನ್ ಅವರು, ಅದೇ ವರ್ಷ ಅಂಗೀಕೃತವಾದ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯನ್ನು ಹಣಕಾಸಿನ ವರದಿಗಳಿಗೆ ಅನ್ವಯಿಸಬಹುದೆಂದು ಯೋಚಿಸಿದರು. ಆ ದೇಶದ ಲೆಕ್ಕಪರಿಶೋಧಕರ ಸಂಸ್ಥೆಯು ಬೆಂಬಲಕ್ಕೆ ನಿಂತಿತು. ಎಕ್ಸ್‌ಬಿಆರ್‌ಎಲ್ ಎಂಬ ಭಾಷೆಯ ಮೊದಲ ರೂಪ 2000ದ ಜುಲೈ ತಿಂಗಳಲ್ಲಿಯೂ, ಬಹುಕಾಲ ಬಾಳಿದ 2.1ನೆಯ ರೂಪ 2003ರ ಡಿಸೆಂಬರ್ 31ರಂದೂ ಹೊರಬಂದವು. ಇದರಲ್ಲಿ ಪ್ರತಿ ಅಂಕಿಗೂ ಒಂದು ಬಾಬಿನ ಟ್ಯಾಗು, ಒಂದು ನಾಣ್ಯಮಾನ, ಮತ್ತು ಯಾವ ಸಂಸ್ಥೆ, ಯಾವ ಅವಧಿ ಎಂಬ ಸಂದರ್ಭ ಇರುತ್ತವೆ.

ಈ ಏರ್ಪಾಡು ಸಾಲದಾಯಿತು. ಹತ್ತು ದೇಶಗಳಲ್ಲಿ ಎಂಟು ಬಗೆಯ ಸರಕು ಮಾರುವ ಕಂಪನಿಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಅದರ ಮಾರಾಟದ ತಖ್ತೆಯಲ್ಲಿ 80 ಮನೆಗಳು. ಮನೆಗೊಂದು ಹೆಸರಿಟ್ಟರೆ 80 ಟ್ಯಾಗುಗಳಾಗುತ್ತವೆ. ಇನ್ನೊಂದು ಕಂಪನಿಯ 80 ಹೆಸರುಗಳೊಡನೆ ಅವು ಹೊಂದುವ ಭರವಸೆಯಿಲ್ಲ. ಸಂದರ್ಭದೊಳಗೆ ವಿಭಾಗವನ್ನು ನಮೂದಿಸಲು ಎಡೆಯೇನೋ ಇತ್ತು. ಆದರೆ ಅಲ್ಲಿ ಬರೆಯತಕ್ಕದ್ದೇನೆಂಬುದಕ್ಕೆ ಕಟ್ಟಳೆಯಿರಲಿಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದಂತೆ ಬರೆಯಬಹುದಾಗಿತ್ತು. ಒಂದೇ ಭಾಷೆಯಲ್ಲಿ ಹತ್ತು ಬಗೆಯ ಲಿಪಿ ಇದ್ದಂತೆ ಇದು.

ತೊಡಕು ಹೆಚ್ಚಾಗಿ ಬಾಧಿಸಿದ್ದು ಯೂರೋಪಿನ ಬ್ಯಾಂಕು ಮೇಲ್ವಿಚಾರಕರನ್ನು. ಬಾಸೆಲ್‌ನ ಎರಡನೆಯ ಒಡಂಬಡಿಕೆಯ ಮೇರೆಗೆ ಅವರು ತರಿಸಿಕೊಳ್ಳಬೇಕಾಗಿದ್ದ ಬಂಡವಾಳದ ತಖ್ತೆಗಳು ಸಾಲದ ಬಗೆ, ಅಪಾಯದ ತೂಕ, ಅಳೆಯುವ ವಿಧಾನ ಮುಂತಾದ ಹಲವು ದಿಕ್ಕುಗಳಲ್ಲಿ ಒಮ್ಮೆಗೇ ಒಡೆಯುವಂಥವು. ಇಂಥ ಅಗತ್ಯಗಳ ಹಿನ್ನೆಲೆಯಲ್ಲಿ 2006ರ ಸೆಪ್ಟೆಂಬರ್ 18ರಂದು ಆಯಾಮಗಳ ನಿಯಮಾವಳಿ ಅಂಗೀಕೃತವಾಯಿತು. ಅದರ ತಿರುಳು ಸರಳವಾದುದು. ‘ಮಾರಾಟ’ವೆಂಬ ಬಾಬು ಒಂದೇ; ದೇಶವೆಂಬುದು ಒಂದು ಅಕ್ಷ, ಸರಕು ಎಂಬುದು ಮತ್ತೊಂದು ಅಕ್ಷ; ಒಂದೊಂದು ದೇಶವೂ ಒಂದೊಂದು ಸರಕೂ ತಮ್ಮ ಅಕ್ಷದ ಸದಸ್ಯ. ಹೀಗೆ 80 ಹೆಸರುಗಳ ಕೆಲಸವನ್ನು ಒಂದು ಬಾಬು, 18 ಸದಸ್ಯರು ಮಾಡಿ ಮುಗಿಸುತ್ತಾರೆ. ಯಾವ ಬಾಬಿಗೆ ಯಾವ ಅಕ್ಷಗಳು ಸಲ್ಲುವುವೆಂಬುದನ್ನು ಟ್ಯಾಕ್ಸಾನಮಿಯೆಂಬ ಪದಕೋಶವೇ ಮೊದಲು ವಿಧಿಸಿರುತ್ತದೆ.

ಈ ನಿಯಮಾವಳಿಯಲ್ಲಿ ಇತಿಹಾಸದ ಅಭ್ಯಾಸಿಯು ವಿಶೇಷವಾಗಿ ಮನನ ಮಾಡಬೇಕಾದ ಅಂಶವೊಂದುಂಟು. ಅಕ್ಷವೊಂದಕ್ಕೆ ರೂಢಿಯ ಸದಸ್ಯನೊಬ್ಬನನ್ನು ಗೊತ್ತುಪಡಿಸಬಹುದು; ಸಾಮಾನ್ಯವಾಗಿ ಒಟ್ಟು ಮೊತ್ತವೇ ಆ ಸದಸ್ಯ. ಆತನನ್ನು ಅಂಕಿಯ ಸಂದರ್ಭದಲ್ಲಿ ಬರೆಯಬಾರದೆಂಬುದೇ ನಿಯಮ. ಎಂದರೆ, ಅಕ್ಷದ ಹೆಸರೆತ್ತದೆ ಸುಮ್ಮನಿರುವ ಅಂಕಿಯನ್ನು ಒಟ್ಟು ಮೊತ್ತವೆಂದೇ ತಿಳಿಯತಕ್ಕದ್ದು. ಇಲ್ಲಿ ಮೌನವೂ ಒಂದು ಹೇಳಿಕೆ. ಟ್ಯಾಗು ಹಚ್ಚುವ ಗುಮಾಸ್ತನು ಮರೆತು ಸದಸ್ಯನನ್ನು ಬಿಟ್ಟರೆ, ಅದು ಬಿಟ್ಟುಹೋದ ಜಾಗವಾಗಿ ಕಾಣದೆ ತಪ್ಪು ಒಟ್ಟು ಮೊತ್ತವಾಗಿ ಕಾಣುತ್ತದೆ. ಶಾಸನದಲ್ಲಿ ಅಕ್ಷರ ಸವೆದಿದ್ದರೆ ಕಲ್ಲೇ ಅದನ್ನು ತೋರಿಸುತ್ತದೆ. ಈ ದಾಖಲೆಗೆ ಆ ಗುಣವಿಲ್ಲ.

ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2009ರಿಂದ 2011ರವರೆಗೆ ಮೂರು ಹಂತಗಳಲ್ಲಿ ಈ ಭಾಷೆಯನ್ನು ಕಡ್ಡಾಯಗೊಳಿಸಿತು. ಮೊದಲ ವರ್ಷ ಟಿಪ್ಪಣಿಗಳನ್ನು ಇಡಿಯಾಗಿ ಗುರುತಿಸಿದರೆ ಸಾಕಾಗಿತ್ತು. ಆಮೇಲೆ ಟಿಪ್ಪಣಿಗಳೊಳಗಿನ ಒಂದೊಂದು ಮೊತ್ತಕ್ಕೂ ಟ್ಯಾಗು ಬೇಕಾಯಿತು. ಆಯಾಮಗಳ ಬಳಕೆ ಹಬ್ಬಿದುದು ಇದರಿಂದ. ಅಲ್ಲಿಯ ಒಂದು ಉದಾಹರಣೆ ಮನೋಜ್ಞವಾದುದು. ಉಳಿಸಿಕೊಂಡ ಲಾಭದ ಮೊತ್ತವು ಅಢಾವೆ ಪತ್ರಿಕೆಯಲ್ಲಿ ತನ್ನದೇ ಹೆಸರಿನಿಂದ, ಯಾವ ಆಯಾಮವೂ ಇಲ್ಲದೆ ಇರುತ್ತದೆ. ಅದೇ ಮೊತ್ತ ಷೇರುದಾರರ ಈಕ್ವಿಟಿಯ ತಖ್ತೆಯಲ್ಲಿ ‘ಈಕ್ವಿಟಿ’ ಎಂಬ ಬಾಬಾಗಿ, ‘ಉಳಿಸಿಕೊಂಡ ಲಾಭ’ವೆಂಬ ಸದಸ್ಯನೊಡನೆ ಬರುತ್ತದೆ. ಹಣ ಒಂದೇ, ಹೆಸರು ಎರಡು. ಇದನ್ನರಿಯದೆ ‘ಈಕ್ವಿಟಿ’ ಎಂದು ಹುಡುಕಿ ಸಿಕ್ಕಿದುದನ್ನೆಲ್ಲ ಕೂಡಿಸುವವನು ಕಂಪನಿಯನ್ನು ಇದ್ದುದಕ್ಕಿಂತ ಸಿರಿವಂತವಾಗಿ ಚಿತ್ರಿಸಿಯಾನು.

ಇದಕ್ಕೆ ಪ್ರತಿಯಾದ ಅಪಾಯವೂ ಉಂಟು. ಆಯೋಗವು ಸಾರ್ವಜನಿಕರಿಗಾಗಿ ತೆರೆದ ದತ್ತಾಂಶ ಸೇವೆಯ ವಿವರಣೆಯಲ್ಲಿ, ಅಲ್ಲಿ ಒದಗಿಸುವುದು ಸಂಸ್ಥೆಗೆ ಇಡಿಯಾಗಿ ಅನ್ವಯಿಸುವ ಅಂಕಿಗಳನ್ನು ಎಂದು ಹೇಳಿದೆ. ಸುಲಭವೆಂದು ಅದನ್ನೇ ಆಶ್ರಯಿಸಿದ ಸಂಶೋಧಕನಿಗೆ ದೇಶವಾರು, ವಿಭಾಗವಾರು ಅಂಕಿಗಳು ಕಾಣಿಸುವುದೇ ಇಲ್ಲ. ಯಾವ ಕಾರ್ಖಾನೆ ಬೆಳೆಯಿತು, ಯಾವ ಪ್ರಾಂತದಲ್ಲಿ ವ್ಯಾಪಾರ ಕುಗ್ಗಿತು ಎಂಬ, ಇತಿಹಾಸಕ್ಕೆ ನಿಜವಾಗಿ ಬೇಕಾದ ಸಂಗತಿಗಳು ಇರುವುದು ಅವುಗಳಲ್ಲಿಯೇ. ಅವನ್ನು ಮೂಲ ಸಲ್ಲಿಕೆಯಿಂದಲೇ ತೆಗೆಯಬೇಕು.

ಭಾರತದಲ್ಲಿ ಕಂಪನಿ ವ್ಯವಹಾರಗಳ ಮಂತ್ರಾಲಯವು 2011ರಲ್ಲಿ, 2010–11ನೆಯ ಸಾಲಿನ ಲೆಕ್ಕಗಳಿಂದ ಮೊದಲ್ಗೊಂಡು, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು, 5 ಕೋಟಿ ರೂಪಾಯಿ ಪಾವತಿಯಾದ ಬಂಡವಾಳ ಅಥವಾ 100 ಕೋಟಿ ರೂಪಾಯಿ ವಹಿವಾಟು ಮುಟ್ಟಿದ ಕಂಪನಿಗಳು ಮುಂತಾದವು ಈ ರೂಪದಲ್ಲಿ ಸಲ್ಲಿಸಬೇಕೆಂದು ವಿಧಿಸಿತು. ಬ್ಯಾಂಕು, ವಿಮೆ, ವಿದ್ಯುತ್ ಕಂಪನಿಗಳಿಗೆ ಆಗ ವಿನಾಯಿತಿಯಿತ್ತು. ಬೆಂಗಳೂರಿನ ಉದ್ಯಮಗಳ ಚರಿತ್ರೆಯನ್ನು ಬರೆಯುವವರು ಮುಂದೆ ಈ ಕಡತಗಳನ್ನೇ ಬಿಚ್ಚಬೇಕಾದೀತು. ಅವರು ಸ್ಥಿರಾಸ್ತಿಯ ತಖ್ತೆಯನ್ನು ಜಾಗರೂಕತೆಯಿಂದ ಓದಬೇಕು. ಯಂತ್ರಗಳ ಒಟ್ಟು ಮೌಲ್ಯ, ಈವರೆಗಿನ ಸವಕಳಿ, ನಿವ್ವಳ ಮೌಲ್ಯ ಈ ಮೂರೂ ಒಂದೇ ಬಾಬಿನ ಟ್ಯಾಗನ್ನು ಹೊತ್ತಿದ್ದು, ಒಂದು ಅಕ್ಷದ ಸದಸ್ಯರಿಂದ ಮಾತ್ರ ಬೇರೆಯಾಗಿರುತ್ತವೆ. ಆ ಅಂಕಣವನ್ನು ಬಿಟ್ಟು ನಕಲು ಮಾಡಿಕೊಂಡರೆ ಹಳೆಯ ಯಂತ್ರಗಳ ಕಾರ್ಖಾನೆಯೂ ಹೊಸದಾಗಿ ಕಟ್ಟಿದಂತೆ ತೋರುತ್ತದೆ. ತಪಾಸಣೆಯ ತಂತ್ರಾಂಶವು, ಈ ಬಾಬಿಗೆ ಈ ಸದಸ್ಯನು ಸಲ್ಲುವನೇ ಎಂಬುದನ್ನಷ್ಟೇ ಪರೀಕ್ಷಿಸಬಲ್ಲದು. ಅಂಕಿಯು ಆ ಸದಸ್ಯನದೇ ಹೌದೇ ಎಂಬುದನ್ನು ತಿಳಿಯಲು ಅಚ್ಚಾದ ವಾರ್ಷಿಕ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಬೇಕು.