ಡಿಕ್ಕಿ ಸೇರಿದ ಸಿಲಿಂಡರು

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದ್ದುಂಟು. 1990ರ ದಶಕದಲ್ಲಿ ಅಂಬಾಸಿಡರ್ ಕಾರಿಗೆ ಅಡಿಗೆ ಗ್ಯಾಸು ಹಾಕಿಸಿದ ಅಪ್ಪನಿಗೆ ಅದೇ ಸಮರ್ಥನೆ. ಮೆಕ್ಯಾನಿಕ್ ಅಂಗಳಕ್ಕೇ ಬಂದು ರೇಡಿಯೇಟರಿನ ಬಿಸಿನೀರಿಗೆ ಒಂದು ಡಬ್ಬಿ ಜೋಡಿಸಿದ. ದ್ರವ ಅನಿಲವಾಗುವುದು ಅದರಲ್ಲಿ. ಅಲ್ಲಿಂದ ಕಾರ್ಬುರೇಟರಿಗೆ ಪೈಪು. ಡಿಕ್ಕಿಯಲ್ಲಿ ಅಮ್ಮನ 14.2 ಕಿಲೋ ಸಿಲಿಂಡರು ಮಲಗಿತು. ಅದಕ್ಕೆ ಸರ್ಕಾರದ ಸಬ್ಸಿಡಿಯಿತ್ತು, ಪೆಟ್ರೋಲಿಗಿಂತ ಅಗ್ಗ. ಅಮ್ಮ ಮತ್ತೆ ಸೀಮೆಎಣ್ಣೆ ಸ್ಟೌ ಪಂಪು ಮಾಡತೊಡಗಿದಳು.

ಒಂದು ಸಂಜೆ ಕಾರಿನೊಳಗೆ ಗ್ಯಾಸಿನ ವಾಸನೆ. ಹಿಂದಿನ ಸೀಟಿನಲ್ಲಿ ನಾನು, ತಂಗಿ. ಅಪ್ಪ ನಮ್ಮನ್ನು ಗದ್ದೆಯತ್ತ ಓಡಿಸಿ, ತಾವೊಬ್ಬರೇ ಹೋಗಿ ವಾಲ್ವು ತಿರುಗಿಸಿದರು.

ವಾಹನಕ್ಕೆ ಈ ಅನಿಲವನ್ನು ಕಾನೂನು ಒಪ್ಪಿದ್ದು 2000ದ ತಿದ್ದುಪಡಿಯಲ್ಲಿ. ಅಡಿಗೆಮನೆಯ ಸಿಲಿಂಡರನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪಿಲ್ಲ. ಅಮ್ಮ ಅಷ್ಟು ಕಾಯಲಿಲ್ಲ. ಆ ರಾತ್ರಿಯೇ ಸಿಲಿಂಡರನ್ನು ಒಳಗೆಳೆದುಕೊಂಡು, ಅಪ್ಪನ ಸ್ಪ್ಯಾನರನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳು.