ನಳಿಗೆಯ ಗೀರು, ಹಳೆ ರೈಫಲ್ಲಿನ ಗುರಿ

ಚುನಾವಣೆ ಬಂತೆಂದರೆ ಕನಕಪುರ ಕಡೆಯ ಹಳ್ಳಿಗಳಲ್ಲಿ ಲೈಸನ್ಸಿನ ಕೋವಿಗಳು ಠಾಣೆಯ ದಾರಿ ಹಿಡಿಯುತ್ತವೆ. ಒಮ್ಮೆ ಅಂಥ ಒಂದು ಠಾಣೆಯ ಪಡಸಾಲೆಯಲ್ಲಿ ಸಾಲಾಗಿ ಒರಗಿಸಿಟ್ಟ ಕೋವಿಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ. ಒಂದೊಂದಕ್ಕೂ ದಾರ ಕಟ್ಟಿ ಹೆಸರಿನ ಚೀಟಿ ಇಳಿಬಿಟ್ಟಿದ್ದರು. ಹಂದಿ ಬೆದರಿಸುವ ಕೇಪಿನ ಕೋವಿಗಳು, ಒಂಟಿ ನಳಿಗೆಯ ತೋಟಾ ಕೋವಿಗಳು, ಅವುಗಳ ನಡುವೆ ಬೋಲ್ಟ್ ಇರುವ ಒಂದು ಹಳೆಯ .315 ರೈಫಲ್. ಅದರ ಯಜಮಾನರಿಗೆ ಕೋವಿ ಬಿಟ್ಟುಹೋಗುವ ಚಿಂತೆಯಿರಲಿಲ್ಲ. ಎಣಿಕೆ ಮುಗಿಯುವವರೆಗೆ ಅದಕ್ಕೆ ಎಣ್ಣೆ ಸೋಕುವುದಿಲ್ಲವಲ್ಲ ಎಂಬುದೇ ಸಂಕಟ. “ಒಳಗೆ ತುಕ್ಕು ಹಿಡಿದ್ರೆ ಗುರಿ ಹೋಯ್ತು ಸಾರ್” ಅಂದರು.

ಅವರ ಮಾತು ಸರಿ. ಹಳೆಯ ಮಿಲಿಟರಿ ರೈಫಲ್ಲಿನ ಗುರಿ ಹೊಡೆಯುವವನ ಕಣ್ಣಲ್ಲಿದೆ ಎಂದೇ ನಾವು ತಿಳಿದಿರುತ್ತೇವೆ. ಕಣ್ಣಿನ ಸರದಿ ಕೊನೆಗೆ. ಗುಂಡು ನಳಿಗೆಗೆ ಎಷ್ಟು ಬಿಗಿಯಾಗಿ ಕೂಡುತ್ತದೆ, ನಳಿಗೆ ಮರಕ್ಕೆ ಎಷ್ಟು ಸಮವಾಗಿ ಕೂಡುತ್ತದೆ ಎಂಬುದು ಮೊದಲು. ನಮ್ಮ ನೆಲದಲ್ಲಿ ಈ ಕಥೆಗೆ ಇನ್ನೊಂದು ಎಳೆಯೂ ಇದೆ: ಗುರಿಯಿರುವ ಕೋವಿ ಯಾರ ಕೈಗೆ ಸಿಗಬೇಕು ಎಂಬುದನ್ನು ಆಳುವವರು ನಿಶ್ಚಯಿಸುತ್ತ ಬಂದರು.

ಮಾಗಡಿಯ ಸಾವನದುರ್ಗದಿಂದ ಶುರುಮಾಡೋಣ. 1791ರ ಡಿಸೆಂಬರ್ 21ರಂದು ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಈ ದುರ್ಗವನ್ನು ಹತ್ತಿತು. ಟಿಪ್ಪುವಿನ ರಾಮಗಿರಿ, ಶಿವನಗಿರಿಗಳು ಅದರ ಬೆನ್ನಿಗೇ ಬಿದ್ದವು. ಸಾವನದುರ್ಗದ ಕರಿಗುಡ್ಡ ಬಿಳಿಗುಡ್ಡಗಳ ಸುತ್ತ ಬಿದಿರ ಮೆಳೆ ಕಡಿದು ಎಳೆದು ತಂದ ಫಿರಂಗಿಗಳು ಗೋಡೆ ಒಡೆದವು. ಸಿಪಾಯಿಯ ಕೈಯ ಕೋವಿಯಿಂದ ಅಲ್ಲಿ ಆದದ್ದು ಕಡಿಮೆ. ಆಗಬೇಕೆಂದರೂ ಹೇಗೆ? ಇಂಗ್ಲಿಷರ ‘ಬ್ರೌನ್ ಬೆಸ್’ ಚಕಮಕಿ ಕೋವಿಯ ನಳಿಗೆ ಸುಮಾರು 19 ಮಿ.ಮೀ., ಅದಕ್ಕೆ ಹಾಕುವ ಸೀಸದ ಗುಂಡು ಸುಮಾರು 17.5 ಮಿ.ಮೀ. ಮದ್ದಿನ ಮಸಿ ಕಟ್ಟಿಕೊಂಡ ಮೇಲೂ ಗುಂಡು ಬೇಗ ಇಳಿಯಲಿ ಎಂದೇ ಬಿಟ್ಟ ಸಡಿಲು ಅದು. ಆ ಸಡಿಲಿನಲ್ಲಿ ಗುಂಡು ಅತ್ತಿತ್ತ ಬಡಿದುಕೊಳ್ಳುತ್ತ ಬಂದು, ಕೊನೆಯ ಬಡಿತ ತಳ್ಳಿದ ಕಡೆಗೆ ಹೊರಡುತ್ತಿತ್ತು. ನೂರು ಗಜದಾಚೆ ನಿಂತ ಒಬ್ಬನಿಗೆ ಹೊಡೆಯುವುದು ಅದೃಷ್ಟದ ಮಾತು. ಆ ಕೋವಿಗೆ ಹಿಂಬದಿಯ ಗುರಿಕಿಂಡಿಯೇ ಇರಲಿಲ್ಲ. ಅವರ ಕವಾಯತಿನಲ್ಲಿ ‘ಗುರಿಯಿಡು’ ಎಂಬ ಆಜ್ಞೆಯೂ ಇಲ್ಲ. ಕೋವಿಯನ್ನು ಶತ್ರುವಿನ ಕಡೆಗೆ ನೀಡು ಎಂದಷ್ಟೇ.

ಒಳ್ಳೆಯ ಉಕ್ಕಿನ ಕೊರತೆ ಇಲ್ಲಿರಲಿಲ್ಲ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ ಸುತ್ತಿನ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ವೀಣೆಯ ತಂತಿಯನ್ನು ಒಂದೇ ಸಮನಾಗಿ ಎಳೆಯಬಲ್ಲ ಕೈಗಳ ಊರು ಅದು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಮಾಡಿದ, ಹುಲಿಮುಖ ಹುಲಿಪಟ್ಟೆಗಳ ಟಿಪ್ಪುವಿನ ಕೋವಿಗಳು ಇಂದು ಪರದೇಶದ ಸಂಗ್ರಹಗಳಲ್ಲಿವೆ. ಜನ ಅವನ್ನು ನೋಡುವುದು ಬೆಳ್ಳಿ ಕೆಲಸಕ್ಕಾಗಿ, ಗುರಿಗಾಗಿ ಅಲ್ಲ.

ಗುರಿ ನಿಜವಾಗಿ ಬಂದದ್ದು ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಾಗ. ಗೀರು ಹಿಡಿದ ಗುಂಡು ಬುಗುರಿಯಂತೆ ತಿರುಗುತ್ತ ಹೋಗುತ್ತದೆ, ತಿರುಗುವುದರಿಂದಲೇ ದಾರಿ ತಪ್ಪುವುದಿಲ್ಲ. ಗೀರಿನ ವಿದ್ಯೆ ಬಹಳ ಹಳೆಯದು. ಬಿಗಿಯಾದ ಗುಂಡನ್ನು ಬಾಯಿಯಿಂದ ತುರುಕಿ ಇಳಿಸುವುದೇ ಕಷ್ಟವಾಗಿತ್ತು. 1853ರ ಎನ್‌ಫೀಲ್ಡ್ ಅದನ್ನು ಬಗೆಹರಿಸಿತು. ಗುಂಡು ಸಡಿಲವಾಗಿಯೇ ಇಳಿಯುತ್ತದೆ. ಅದರ ಬುಡ ಪೊಳ್ಳು. ಮದ್ದು ಉರಿದಾಗ ಬುಡ ಅರಳಿ ಗೀರನ್ನು ಕಚ್ಚಿಕೊಳ್ಳುತ್ತದೆ. ಗುರಿಪಟ್ಟಿಯ ಮೇಲೆ 900 ಗಜದವರೆಗೆ ಗುರುತು ಹಾಕಿದರು. ಇದರ ತೋಟಾಕ್ಕೆ ಸವರಿದ ಕೊಬ್ಬಿನಿಂದಲೇ 1857ರ ಕಿಡಿ ಹತ್ತಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಆದದ್ದನ್ನು ಹೇಳುವವರು ಕಡಿಮೆ.

ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗಾಗಿ ಅದೇ ಎನ್‌ಫೀಲ್ಡನ್ನು ಗೀರಿಲ್ಲದೆ ಮಾಡಿಸಿದರು. ನಳಿಗೆಯನ್ನು 0.656 ಅಂಗುಲಕ್ಕೆ ನುಣ್ಣಗೆ ಕೊರೆದರು, ಎತ್ತಿ ಇಳಿಸುವ ಗುರಿಪಟ್ಟಿ ತೆಗೆದು ಮೋಟುಕಿಂಡಿ ಕೂರಿಸಿದರು. ಹೀಗೆ ಕೊರೆದ ನಳಿಗೆ ತೆಳುವಾಗಿ ಉಬ್ಬತೊಡಗಿದಾಗ ದಪ್ಪ ನಳಿಗೆಯದು ಮಾಡಿಸಿದರೇ ಹೊರತು ಗೀರು ಕೊಡಲಿಲ್ಲ. ಹೊರಗಿನಿಂದ ರೈಫಲ್, ಒಳಗೆ ಸಾವನದುರ್ಗದ ಕಾಲದ ಕೋವಿ. ಕೈಯಲ್ಲಿರುವ ಉತ್ತಮ ಯಂತ್ರವನ್ನು ಬೇಕೆಂದೇ ಕೆಡಿಸಿದ ಈ ಕೆಲಸವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸ್ನೈಡರ್, ಮಾರ್ಟಿನಿ-ಹೆನ್ರಿ ರೈಫಲ್ಲುಗಳು ಬಂದಾಗಲೂ ಗೋರಾ ಪಲ್ಟನ್ನಿಗಿಂತ ಒಂದು ತಲೆಮಾರು ಹಿಂದಿನದೇ ನಮ್ಮವರ ಪಾಲು.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ .303 ಲೀ-ಎನ್‌ಫೀಲ್ಡ್ ತಯಾರಿಸತೊಡಗಿತು. ಜನರ ಬಾಯಲ್ಲಿ ಅದು ‘ತ್ರೀ ನಾಟ್ ತ್ರೀ’. ಹತ್ತು ತೋಟಾ, ಐದು ಗೀರು, ಹತ್ತು ಅಂಗುಲಕ್ಕೊಂದು ಎಡಸುತ್ತು. ಅಲ್ಲೂ ಹಳೆಯ ಭಯ ಬಿಡಲಿಲ್ಲ. ಪೊಲೀಸರಿಗೆ, ಜೈಲು ಕಾವಲಿಗೆ ಇದೇ ರೈಫಲ್ಲಿನ ಗೀರು ಅಳಿಸಿ .410 ಮಸ್ಕೆಟ್ ಮಾಡಿಕೊಟ್ಟರು, ಒಂದು ಸಲಕ್ಕೆ ಒಂದೇ ತೋಟಾ. ಸೇನೆಯ ತೋಟಾ ಸಾಮಾನ್ಯರ ಕೈಗೆ ಹೋಗಬಾರದೆಂದು ಖಾಸಗಿಯವರಿಗೆ .303 ನಿಷೇಧಿಸಿದರು, ಅದರ ಬದಲಿಗೆ ಬಂದದ್ದೇ .315. ಆ ತೋಟಾ ಮೂಲತಃ ಆಸ್ಟ್ರಿಯಾ ಸೇನೆಯ 8 ಮಿ.ಮೀ. ಮಾನ್‌ಲಿಕರ್ ತೋಟಾ. ಸ್ವತಂತ್ರ ಭಾರತವೂ ಈ ಏರ್ಪಾಡನ್ನು ಉಳಿಸಿಕೊಂಡಿತು. ಕನಕಪುರದ ಠಾಣೆಯಲ್ಲಿ ನಾನು ಕಂಡ ರೈಫಲ್ ಈ ವಂಶದ್ದು. ಹಾಗಾಗಿ ತ್ರೀ ನಾಟ್ ತ್ರೀಯ ಗುರಿಯ ವಿದ್ಯೆ ನಮ್ಮಲ್ಲಿ ಉಳಿದದ್ದು ಪೊಲೀಸು ಮತ್ತು ಸೇನೆಯಲ್ಲಿ ಕೋವಿ ರಿಪೇರಿ ಮಾಡುವ ಆರ್ಮರರ್‌ಗಳ ಕೈಯಲ್ಲಿ.

ಆ ವಿದ್ಯೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. 0.303 ಅಂಗುಲ ಎನ್ನುವುದು ಗೀರುಗಳ ನಡುವಿನ ದಿಬ್ಬಗಳ ಅಳತೆ; ಗುಂಡು 0.311ರ ಸುಮಾರು. ಗೀರು ಸವೆದು ಅಗಲವಾದ ನಳಿಗೆಗೆ ಅದೇ ಗುಂಡು ಸಡಿಲ, ಅಂದರೆ ಮತ್ತೆ ಬ್ರೌನ್ ಬೆಸ್ಸಿನ ರೋಗ. ಸವೆತ ಎರಡೂ ತುದಿಯಲ್ಲಿ. ಬುಡದಲ್ಲಿ ಕಾರ್ಡೈಟ್ ಮದ್ದಿನ ಬೆಂಕಿ ತಿನ್ನುತ್ತದೆ. ಬಾಯಲ್ಲಿ ತಿನ್ನುವುದು ಚೊಕ್ಕಮಾಡುವ ಹಗ್ಗ: ಪುಲ್‌ಥ್ರೂವನ್ನು ಓರೆಯಾಗಿ ಜಗ್ಗಿ ಜಗ್ಗಿ ನಳಿಗೆಯ ಬಾಯಿ ಒಂದು ಕಡೆ ಸವೆಯುತ್ತದೆ. ಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ಬಿದ್ದ ಹಾಗೆ. ಮದ್ದಿಲ್ಲದ ಡಮ್ಮಿ ತೋಟಾದ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟು ನೋಡಿದರೆ ಎಷ್ಟು ಒಳಗೆ ಹೋಗುತ್ತದೆ ಎಂಬುದರಲ್ಲೇ ಸವೆತ ತಿಳಿಯುತ್ತದೆ.

ತುಕ್ಕಿನ ಗುಟ್ಟು ಬೇರೆ. ಹಳೆಯ ತೋಟಾಗಳ ಕ್ಯಾಪಿನ ರಸಾಯನ ಉರಿದಾಗ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅಡುಗೆಯ ಉಪ್ಪಿನಂತೆ ಅದೂ ಗಾಳಿಯ ತೇವ ಹೀರುತ್ತದೆ. ಎಣ್ಣೆ ಅದನ್ನು ಕರಗಿಸದು, ಮುಚ್ಚುತ್ತದೆ ಅಷ್ಟೇ. ಗುಂಡು ಹಾರಿಸಿದ ದಿನವೇ ಆಲಿಕೆಯಿಟ್ಟು ಕುದಿಯುವ ನೀರು ಹೊಯ್ದು, ಚಿಂದಿಯಿಂದ ಒರೆಸಿ, ಒಣಗಿದ ಮೇಲೆ ಎಣ್ಣೆ ಹಚ್ಚಬೇಕು.

ರೈಫಲ್ಲಿನ ಗುರಿಯನ್ನು ಮರವೂ ಕೆಡಿಸುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದವರು ಆಲೆಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಲೇತಿಗೆ ಹಾಕುವುದಿಲ್ಲ. ಹಸಿಮರ ಇಂದು ಗುಂಡಗಿದ್ದು ನಾಳೆ ಸೊಟ್ಟಗಾಗುತ್ತದೆ. ರೈಫಲ್ಲಿನ ಮರವೂ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ತ್ರೀ ನಾಟ್ ತ್ರೀಯಲ್ಲಿ ಹೊಡೆತದ ಒದೆತವನ್ನು ತಡೆಯುವುದು ಕುದುರೆಯ (ಟ್ರಿಗರಿನ) ಬಳಿ ಮರದಲ್ಲೇ ಕೊರೆದ ಎರಡು ಪುಟ್ಟ ಭುಜಗಳು. ಅವು ಕುಗ್ಗಿದರೆ ಪ್ರತಿ ಹೊಡೆತಕ್ಕೂ ಕಬ್ಬಿಣ ಕೂದಲೆಳೆಯಷ್ಟು ಜರುಗುತ್ತದೆ, ನೂರು ಗಜದಾಚೆ ಅದು ದೊಡ್ಡ ಅಂತರವಾಗುತ್ತದೆ. ಆರ್ಮರರ್ ಆ ಜಾಗಕ್ಕೆ ಹೊಸ ಮರದ ತೇಪೆ ಕೂರಿಸುತ್ತಾನೆ. ಇಶಾಪುರದವರು ಮರ ಸೀಳದಿರಲೆಂದು ಅಡ್ಡಲಾಗಿ ಒಂದು ಸ್ಕ್ರೂ ಹಾಕಿದರು. ಇಲ್ಲಿಯ ಹವೆ ಬಲ್ಲವರ ಕೆಲಸ ಅದು. ಬಿಚ್ಚುವಾಗಲೂ ಕ್ರಮವಿದೆ. ಮುಂದಿನ ಮರ ತೆಗೆಯದೆ ಹಿಂದಿನ ದಿಮ್ಮಿಯ ಬೋಲ್ಟ್ ತಿರುಗಿಸಿದರೆ ಅದರ ಚೌಕ ತುದಿ ಮುಂದಿನ ಮರವನ್ನೇ ಸೀಳುತ್ತದೆ. ಎಷ್ಟೋ ಒಳ್ಳೆಯ ರೈಫಲ್ಲುಗಳು ಹೀಗೇ ಹಾಳಾಗಿವೆ.

ಎಲ್ಲ ಕೂಡಿಬಂದ ರೈಫಲ್ಲಿಗೆ ಕಾರ್ಖಾನೆ ಇಟ್ಟಿದ್ದ ಪರೀಕ್ಷೆ: ನೂರು ಅಡಿಯಲ್ಲಿ ಐದು ಗುಂಡು, ನಾಲ್ಕಾದರೂ ಒಂದು ಅಂಗುಲ ಅಗಲ, ಒಂದೂವರೆ ಅಂಗುಲ ಎತ್ತರದ ಚೌಕಟ್ಟಿನೊಳಗೆ ಬೀಳಬೇಕು. ಆಮೇಲೆ ಮುಂದಿನ ಗುರಿಕಡ್ಡಿಯನ್ನು ಎಡಬಲಕ್ಕೆ ಸರಿಸಿ, ಎತ್ತರಕ್ಕೆ ತಕ್ಕ ಕಡ್ಡಿ ಬದಲಿಸಿ ಹೊಂದಿಸುತ್ತಿದ್ದರು. ಇಷ್ಟಾದ ಮೇಲೆ ಉಸಿರು, ಬೆರಳು, ಕಣ್ಣು.

ಎಣಿಕೆ ಮುಗಿದ ವಾರ ಆ ಯಜಮಾನರು ಮತ್ತೆ ಸಿಕ್ಕರು. ಠಾಣೆಯ ಮೆಟ್ಟಿಲಿಳಿದವರು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು. ಬೋಲ್ಟ್ ಎಳೆದು ತೆಗೆದು, ನಳಿಗೆಯ ಬುಡಕ್ಕೆ ಕಣ್ಣಿಟ್ಟು ಆಕಾಶದ ಕಡೆ ಹಿಡಿದು ನೋಡಿದರು. ಬೋಲ್ಟನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಕಡೆ ತಿರುಗಿ, “ಗೀರು ಕಾಣ್ತದೆ” ಅಂದರು.